ಮುಖಭಿತ್ತಿಯೂ ನೆಲಮಾಳಿಗೆಯೂ: ರಿಕ್ವೀರಿನ ಪುನರುಜ್ಜೀವನಕಾಲದ ಗೃಹಗಳ ವರ್ಣನೆಯನ್ನು ಕುರಿತ ವಿಮರ್ಶೆ

ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ವೋಜ್ ಪರ್ವತಗಳಿಗೂ ರೈನ್ ನದಿಗೂ ನಡುವೆ ಉದ್ದವಾಗಿ ಹಬ್ಬಿರುವ ಆಲ್ಸೇಸ್ ಸೀಮೆಯು ದ್ರಾಕ್ಷಿಯ ಬೆಳೆಗೂ ದ್ರಾಕ್ಷಾಮದ್ಯಕ್ಕೂ ಪ್ರಸಿದ್ಧವಾದುದು. ಈ ಸೀಮೆಯ ಕೋಲ್ಮಾರ್ ಪಟ್ಟಣಕ್ಕೆ ಸಮೀಪದಲ್ಲಿ, ದ್ರಾಕ್ಷಿತೋಟಗಳ ಇಳಿಜಾರಿನ ಬುಡದಲ್ಲಿ, ರಿಕ್ವೀರ್ ಎಂಬ ಸುಮಾರು ಸಾವಿರ ಜನರ ಊರೊಂದಿದೆ. ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಮನೆಗಳು ಇಲ್ಲಿ ಉಳಿದಿರುವಷ್ಟು ಒತ್ತಾಗಿ ಆ ಸೀಮೆಯ ಸಣ್ಣ ಊರುಗಳಲ್ಲಿ ಉಳಿದಿರುವುದು ವಿರಳ. ಕೈಪಿಡಿಗಳೂ ಕಲಾಚರಿತ್ರೆಯ ಸಂಗ್ರಹಗ್ರಂಥಗಳೂ ಇಂಥ ಮನೆಯನ್ನು ಕುರಿತು ಹೇಳುವಾಗ ಬಹುಮಟ್ಟಿಗೆ ಒಂದೇ ಬಗೆಯ ಮಾತನ್ನು ಬಳಸುತ್ತವೆ: 'ದ್ರಾಕ್ಷಿ ಬೆಳೆಯುವ ಫ್ರೆಂಚ್ ಹಳ್ಳಿಯೊಂದರಲ್ಲಿರುವ, ಪುನರುಜ್ಜೀವನಕಾಲದ ರಕ್ಷಿತ ಗೃಹ.' ಈ ಒಂದು ವಾಕ್ಯದಲ್ಲಿರುವ ವಿಶೇಷಣಗಳು ಎಷ್ಟುಮಟ್ಟಿಗೆ ಸತ್ಯವಾದುವು, ಅವು ಚರಿತ್ರಕಾರನಿಗೆ ಏನನ್ನು ತೋರಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲು ನಾವು ಉದ್ದೇಶಿಸಿದ್ದೇವೆ.

ಇದು ಕೇವಲ ಶಬ್ದಗಳ ಜಗಳವೆಂದು ವಾಚಕರು ಭಾವಿಸಬಾರದು. ಮನೆಯನ್ನು ಹೇಗೆ ವರ್ಣಿಸುತ್ತೇವೆಯೋ ಹಾಗೆಯೇ ಅದನ್ನು ರಕ್ಷಿಸುತ್ತೇವೆ. ವರ್ಣನೆಯಲ್ಲಿ ಸೇರದ ಭಾಗವು ರಕ್ಷಣೆಯಲ್ಲಿಯೂ ಸೇರದೆ, ಒಂದು ತಲೆಮಾರಿನಲ್ಲಿ ಕಣ್ಮರೆಯಾಗಬಹುದು. ೧೯೪೪ರ ಡಿಸೆಂಬರಿನಲ್ಲಿ ಕೋಲ್ಮಾರಿನ ಸುತ್ತಲೂ ನಡೆದ ಯುದ್ಧದಲ್ಲಿ ರಿಕ್ವೀರಿನ ನೆರೆಯ ಊರುಗಳಾದ ಬೆನ್ವೀರ್, ಮಿಟೆಲ್ವೀರ್, ಸಿಗೋಲ್ಸೈಮ್, ಆಮರ್ಶ್ವೀರ್ ಇವು ಬಹುತೇಕ ನೆಲಸಮವಾದುವು. ರಿಕ್ವೀರ್ ಮಾತ್ರ ಹೆಚ್ಚಿನ ಹಾನಿಯಿಲ್ಲದೆ ಉಳಿಯಿತು. ಸುಟ್ಟುಹೋದ ಊರುಗಳಲ್ಲಿ ದ್ರಾಕ್ಷಿ ಬೆಳೆಗಾರನು ಹೇಗೆ ಬಾಳುತ್ತಿದ್ದನೆಂಬುದಕ್ಕೂ ಇಲ್ಲಿಯ ಮನೆಗಳೇ ಈಗ ಸಾಕ್ಷಿ. ಉಳಿದ ಸಾಕ್ಷಿ ಒಂದೇ ಆದಾಗ ಅದರ ಹೇಳಿಕೆಯನ್ನು ಪೂರ್ತಿಯಾಗಿ ಕೇಳುವುದು ನ್ಯಾಯಾಧೀಶನ ಕರ್ತವ್ಯವಾಗುತ್ತದೆ.

೧

ಮೊದಲು ಮನೆಯನ್ನು ನೋಡೋಣ. ರಿಕ್ವೀರಿನ ಮನೆಗಳಲ್ಲಿ ಕೀನರ್ ಮನೆ ಎಂದು ಹೆಸರಾದ, ೧೫೭೪ರಲ್ಲಿ ಕಟ್ಟಿದ ಗೃಹವನ್ನು ನಾವು ಮುಖ್ಯ ನಿದರ್ಶನವಾಗಿ ಆರಿಸಿಕೊಂಡಿದ್ದೇವೆ. ಇದರ ಮುಂಭಾಗದಲ್ಲಿ ಒಂದು ಶಾಸನವೂ ಒಂದು ಉಬ್ಬುಶಿಲ್ಪವೂ ಇವೆ. ಮೃತ್ಯುವು ಮನೆಯ ಸ್ಥಾಪಕನನ್ನು ಹಿಡಿದುಕೊಳ್ಳುತ್ತಿರುವ ದೃಶ್ಯವನ್ನು ಆ ಶಿಲ್ಪದಲ್ಲಿ ಕೊರೆದಿದ್ದಾರೆ. ಬೀದಿಯ ಕಡೆಯ ಕಮಾನು ಬಾಗಿಲನ್ನು ನೇರವಾಗಿ ಇಡದೆ ಓರೆಯಾಗಿ ಇಟ್ಟಿದ್ದಾರೆ. ಒಳಗೆ ಹೋದರೆ ಅಂಗಳ, ಸುರುಳಿ ಮೆಟ್ಟಿಲು, ಒಂದರ ಮೇಲೊಂದು ಮುಂದಕ್ಕೆ ಚಾಚಿಕೊಂಡ ಅಂತಸ್ತುಗಳು, ಮತ್ತು ೧೫೭೬ ಎಂಬ ವರ್ಷವನ್ನು ಹೊತ್ತ ಒಂದು ಬಾವಿ ಕಾಣಬರುತ್ತವೆ.

ಕೈಪಿಡಿಗಳು ಇವುಗಳನ್ನೆಲ್ಲ ಹೆಸರಿಸುವುದುಂಟು; ಆದರೆ ಒಂದು ಬಗೆಯ ಸೊಗಸಿನ ಪಟ್ಟಿಯಾಗಿ ಹೆಸರಿಸುತ್ತವೆ. ಶಿಲ್ಪವೂ ಸೊಗಸು, ಮೆಟ್ಟಿಲೂ ಸೊಗಸು, ಬಾವಿಯೂ ಸೊಗಸು. ಇವುಗಳಲ್ಲಿ ಯಾವುದು ಮನೆಗೆ ಕಾರಣ, ಯಾವುದು ಅಲಂಕಾರ ಎಂಬ ವಿವೇಚನೆ ಅಲ್ಲಿಲ್ಲ. ಓರೆಯಾದ ಬಾಗಿಲನ್ನೇ ತೆಗೆದುಕೊಳ್ಳಿ. ಬೀದಿ ಇಕ್ಕಟ್ಟಾದುದು. ಕೊಯ್ಲಿನ ಕಾಲದಲ್ಲಿ ಹಣ್ಣು ತುಂಬಿದ ಗಾಡಿ ತೋಟದಿಂದ ಬಂದು ಮನೆಯೊಳಕ್ಕೆ ತಿರುಗಬೇಕು. ಮಾರಾಟದ ಕಾಲದಲ್ಲಿ ಪೀಪಾಯಿ ಹೇರಿದ ಗಾಡಿ ಅದೇ ಬಾಗಿಲಿನಿಂದ ಹೊರಬೀಳಬೇಕು. ಗಾಡಿಯ ತಿರುವಿಗೆ ಅನುಕೂಲವಾಗುವಂತೆ ಬಾಗಿಲನ್ನು ಓರೆಯಾಗಿಸಿದರು. ಸಮಾಂಗತೆಯೇ ಪುನರುಜ್ಜೀವನ ಶೈಲಿಯ ಮೊದಲ ಲಕ್ಷಣವೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಇಲ್ಲಿ ಆ ಸಮಾಂಗತೆಯನ್ನು ಗಾಡಿಯ ಚಕ್ರಕ್ಕೆ ಬಿಟ್ಟುಕೊಟ್ಟಿದ್ದಾರೆ. ಕಟ್ಟಿಸಿದವನ ದೃಷ್ಟಿಯಲ್ಲಿ ಯಾವುದು ಮುಖ್ಯವಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಾಗಿಲ್ಲ.

ಬಾವಿಯ ವಿಚಾರವೂ ಹೀಗೆಯೇ. ಮನೆಗೂ ಬಾವಿಗೂ ಎರಡು ವರ್ಷಗಳ ಅಂತರವಿದೆ. ಬೀದಿಯ ಕಡೆಯ ಮುಖ ಸಿದ್ಧವಾದ ಮೇಲೂ ಅಂಗಳದ ಕೆಲಸ ನಡೆಯುತ್ತಿತ್ತೆಂದು ಇದರಿಂದ ಊಹಿಸಬಹುದು. ದ್ರಾಕ್ಷಾಮದ್ಯದ ಕಸುಬಿಗೆ ನೀರು ಹೇರಳವಾಗಿ ಬೇಕು. ಪೀಪಾಯಿ, ತೊಟ್ಟಿ, ಗಾಣ ಇವುಗಳನ್ನು ಮತ್ತೆ ಮತ್ತೆ ತೊಳೆಯದಿದ್ದರೆ ರಸ ಹುಳಿಯಾಗುತ್ತದೆ. ಅಂಗಳದ ಬಾವಿಯನ್ನು ಗೃಹಿಣಿಯ ಅನುಕೂಲವೆಂದು ಮಾತ್ರ ಎಣಿಸದೆ ಕಸುಬಿನ ಉಪಕರಣವೆಂದೂ ಎಣಿಸಬೇಕೆಂದು ನಾವು ಅಭಿಪ್ರಾಯಪಡುತ್ತೇವೆ.

ಅದೇ ಊರಿನ ಲೀಬ್ರಿಖ್ ಮನೆಯು ಈ ವಿಚಾರವನ್ನು ಪುಷ್ಟೀಕರಿಸುತ್ತದೆ. ಮನೆ ೧೫೩೫ರದು, ಅಂಗಳದ ಬಾವಿ ೧೬೦೩ರದು, ಅಂಗಳವನ್ನು ಸುತ್ತುವರಿದ ಮರದ ಪಡಸಾಲೆಗಳು ಹದಿನೇಳನೆಯ ಶತಮಾನದ ನಡುಗಾಲದವು, ಅಲ್ಲಿರುವ ದೊಡ್ಡ ಗಾಣ ೧೮೧೭ರದು. ಒಂದು ಅಂಗಳದಲ್ಲಿ ಸುಮಾರು ಮುನ್ನೂರು ವರ್ಷಗಳ ಕೆಲಸ ಪದರಪದರವಾಗಿ ಕುಳಿತಿದೆ. ಇದನ್ನು '೧೫೩೫ರ ಪುನರುಜ್ಜೀವನ ಗೃಹ' ಎಂದು ಒಂದೇ ವರ್ಷಕ್ಕೆ ಕಟ್ಟಿಹಾಕಿದರೆ ಉಳಿದ ಪದರಗಳೆಲ್ಲ ಅಪ್ರಸ್ತುತವಾಗಿಬಿಡುತ್ತವೆ. ಈ ಸೀಮೆಯ ಬೆಳೆಗಾರರ ಮನೆಗಳಲ್ಲಿ ಸಾಮಾನ್ಯವಾಗಿ ಕೆಳಭಾಗವನ್ನು ಕಲ್ಲಿನಿಂದ ಕಟ್ಟಿ ಅಲ್ಲಿ ಪೀಪಾಯಿಗಳನ್ನಿಡುತ್ತಿದ್ದರು; ಮೇಲೆ ಮರದ ಚೌಕಟ್ಟಿನ ಅಂತಸ್ತಿನಲ್ಲಿ ಕುಟುಂಬ ವಾಸಮಾಡುತ್ತಿತ್ತು. ಅಂದರೆ ಮನೆಯ ತಂಪಾದ, ಭದ್ರವಾದ, ವೆಚ್ಚದ ಭಾಗವನ್ನು ಮನುಷ್ಯರಿಗಿಂತ ಮೊದಲು ಮದ್ಯಕ್ಕೆ ಮೀಸಲಿಟ್ಟಿದ್ದರು.

೨

ಇನ್ನು ವರ್ಣನೆಯ ಶಬ್ದಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಮೊದಲನೆಯದು 'ಹಳ್ಳಿ'. ಇಂದಿನ ಜನಸಂಖ್ಯೆಯನ್ನು ನೋಡಿದರೆ ರಿಕ್ವೀರನ್ನು ಹಳ್ಳಿಯೆನ್ನಲು ಅಡ್ಡಿಯಿಲ್ಲ. ೧೯೮೨ರಲ್ಲಿ ಹುಟ್ಟಿದ 'ಫ್ರಾನ್ಸಿನ ಅತಿ ಸುಂದರ ಗ್ರಾಮಗಳು' ಎಂಬ ಸಂಘದ ಪಟ್ಟಿಯಲ್ಲಿ ಈ ಊರೂ ಇದೆ. ಆ ಪಟ್ಟಿಗೆ ಸೇರಲು ಎರಡು ಸಾವಿರಕ್ಕಿಂತ ಹೆಚ್ಚು ಜನರಿರಬಾರದೆಂಬುದು ನಿಯಮ. ಆದರೆ ಈ ಮನೆಗಳನ್ನು ಕಟ್ಟಿದ ಕಾಲದಲ್ಲಿ ರಿಕ್ವೀರ್ ಹಳ್ಳಿಯಾಗಿರಲಿಲ್ಲ. ೧೨೯೧ರಲ್ಲಿಯೇ ಊರಿಗೆ ಕೋಟೆಗೋಡೆ ಎದ್ದಿತ್ತು. ಆ ವರ್ಷದ ದೋಲ್ಡರ್ ಎಂಬ ದ್ವಾರಗೋಪುರ ಇಂದಿಗೂ ನಿಂತಿದೆ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಊರಿಗೆ ಪಟ್ಟಣದ ಹಕ್ಕುಗಳೂ ದೊರೆತಿದ್ದುವು. ಆದುದರಿಂದ ಇಲ್ಲಿ ಮನೆ ಕಟ್ಟಿದವರು ಕೋಟೆಯೊಳಗಿನ ಪೌರರು. ಅದೇ ವೇಳೆಗೆ ಕೋಟೆಯ ಹೊರಗಿನ ತೋಟಗಳ ಬೆಳೆಗಾರರು. 'ಹಳ್ಳಿಯಲ್ಲಿ ಪಟ್ಟಣದ ಮನೆ' ಎಂದು ಇಂದಿನ ನೋಡುಗನಿಗೆ ಆಗುವ ಆಶ್ಚರ್ಯಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ಊರಿನ ಪದವಿ ಇಳಿಯಿತು. ಮನೆ ಮೊದಲಿನಂತೆಯೇ ಉಳಿಯಿತು.

ಕೋಲ್ಮಾರಿನೊಡನೆ ಹೋಲಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕೋಲ್ಮಾರಿನ ಪ್ರಸಿದ್ಧ ಫಿಸ್ಟರ್ ಮನೆಯನ್ನು ೧೫೩೭ರಲ್ಲಿ ಲುಡ್ವಿಗ್ ಶೇರರ್ ಎಂಬ ಟೋಪಿಯ ವ್ಯಾಪಾರಿ ಕಟ್ಟಿಸಿದನು. ಬೆಳ್ಳಿಯ ವ್ಯಾಪಾರದಿಂದ ಅವನಿಗೆ ಸಂಪತ್ತು ಬಂದಿತ್ತು. ಮೂಲೆಯಲ್ಲಿ ಹೊರಚಾಚಿದ ಗವಾಕ್ಷ, ಮರದ ಪಡಸಾಲೆ, ಎಂಟು ಮೂಲೆಯ ಗೋಪುರ, ಗೋಡೆಯ ಮೇಲೆ ಚಕ್ರವರ್ತಿಗಳ ಮತ್ತು ಬೈಬಲಿನ ವ್ಯಕ್ತಿಗಳ ಚಿತ್ರಗಳು: ಇವೆಲ್ಲ ಬೀದಿಯವರು ನೋಡಲೆಂದು ಮಾಡಿಸಿದವು. ಅಲ್ಲಿಯೇ ೧೬೦೯ರಲ್ಲಿ ಆಂಟೋನ್ ಬರ್ಗರ್ ಎಂಬ ವರ್ತಕನು ಕಟ್ಟಿಸಿದ 'ತಲೆಗಳ ಮನೆ'ಯ ಮುಂಭಾಗದ ತುಂಬ ನೂರಕ್ಕೂ ಹೆಚ್ಚು ಸಣ್ಣ ತಲೆಗಳನ್ನು ಕೆತ್ತಿದ್ದಾರೆ. ಇವು ವರ್ತಕರ ಮನೆಗಳು; ಮುಖದಿಂದ ಇವನ್ನು ಅರ್ಥಮಾಡಿಕೊಂಡರೆ ಬಹಳ ತಪ್ಪಾಗಲಾರದು. ರಿಕ್ವೀರಿನ ಮನೆಗಳಾದರೋ ಬೆಳೆಗಾರರ ಮನೆಗಳು. ಕೋಲ್ಮಾರಿನ ಅಳತೆಗೋಲಿನಿಂದ ರಿಕ್ವೀರನ್ನು ಅಳೆದರೆ, ಚಿಕ್ಕದಾದ ಕೋಲ್ಮಾರೊಂದು ಕಾಣುತ್ತದೆಯೇ ಹೊರತು ರಿಕ್ವೀರ್ ಕಾಣುವುದಿಲ್ಲ.

ಎರಡನೆಯ ಶಬ್ದ 'ಫ್ರೆಂಚ್'. ೧೩೨೪ರಿಂದ ರಿಕ್ವೀರ್ ಜರ್ಮನಿಯ ವುರ್ಟೆಂಬರ್ಗ್ ಮನೆತನದ ಸ್ವತ್ತಾಗಿತ್ತು. ಊರಿನ ಅರಮನೆಯನ್ನು ೧೫೪೦ರ ಸುಮಾರಿಗೆ ಕಟ್ಟಿಸಿದವನು ಆ ಮನೆತನದ ಕೌಂಟ್ ಜಾರ್ಜ್. ಅದೇ ಶತಮಾನದಲ್ಲಿ ಅರಸರನ್ನನುಸರಿಸಿ ಊರೂ ಲೂಥರನ ಮತವನ್ನು ಸ್ವೀಕರಿಸಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಹದಿನಾಲ್ಕನೆಯ ಲೂಯಿಯ ಸಾರ್ವಭೌಮತ್ವವು ಇಲ್ಲಿ ಹಬ್ಬಿತಾದರೂ ವುರ್ಟೆಂಬರ್ಗಿನವರ ಒಡೆತನ ತಪ್ಪಲಿಲ್ಲ. ಫ್ರೆಂಚ್ ಮಹಾಕ್ರಾಂತಿಯ ಅನಂತರ, ೧೭೯೬ರ ಒಪ್ಪಂದದಿಂದ, ಅದು ಕೊನೆಗೊಂಡಿತು. ಆ ಮಧ್ಯದಲ್ಲಿ ವುರ್ಟೆಂಬರ್ಗಿನ ಡ್ಯೂಕನು ವೋಲ್ಟೇರನಿಂದ ಸಾಲ ಪಡೆದಾಗ ಈ ಸೀಮೆಯಲ್ಲಿದ್ದ ತನ್ನ ಸ್ವತ್ತುಗಳನ್ನೇ ಭದ್ರತೆಯಾಗಿ ಕೊಟ್ಟಿದ್ದನು. ಹೀಗಿರುವಾಗ ೧೫೭೪ರ ಮನೆಯನ್ನು ಫ್ರೆಂಚ್ ಪುನರುಜ್ಜೀವನದ ಕೃತಿಯೆಂದು ಕರೆದು, ಲ್ವಾರ್ ನದಿಯ ದಡದ ರಾಜಭವನಗಳ ಸಾಲಿನಲ್ಲಿ ಕೂಡಿಸುವುದು ಕಾಲವಿಪರ್ಯಾಸವಾಗುತ್ತದೆ.

ಹಾಗೆಂದು ಇದನ್ನು 'ಜರ್ಮನ್ ಪುನರುಜ್ಜೀವನ'ವೆಂದು ಬದಲಾಯಿಸಿದರೆ ಸಮಸ್ಯೆ ತೀರಿತೆಂದಲ್ಲ. ಆ ಹೆಸರಿಗೂ ತನ್ನದೇ ಆದ ರಾಜಕೀಯವಿದೆ. ೧೮೭೧ರಲ್ಲಿ ಆಲ್ಸೇಸ್ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿತು. ಅದೇ ದಶಕದಲ್ಲಿ ವಿಲ್ಹೆಲ್ಮ್ ಲ್ಯೂಬ್ಕೆ ಎಂಬ ವಿದ್ವಾಂಸನು ಜರ್ಮನ್ ಪುನರುಜ್ಜೀವನದ ಚರಿತ್ರೆಯನ್ನು ಬರೆದು ಆಲ್ಸೇಸಿನ ಕಟ್ಟಡಗಳನ್ನು ಅದರಲ್ಲಿ ಸೇರಿಸಿದನು. ರಿಕ್ವೀರಿಗೆ ಅನತಿದೂರದ ಓ-ಕೇನಿಗ್ಸ್‌ಬೂರ್ ದುರ್ಗದ ಪಾಳನ್ನು ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ೧೯೦೦ರಿಂದ ೧೯೦೮ರ ವರೆಗೆ ಬೋಡೊ ಎಬ್‌ಹಾರ್ಟ್ ಎಂಬ ವಾಸ್ತುತಜ್ಞನಿಂದ ಪೂರ್ತಿಯಾಗಿ ಕಟ್ಟಿಸಿ, ತನ್ನ ಸಾಮ್ರಾಜ್ಯದ ಗಡಿಗಲ್ಲಿನಂತೆ ನಿಲ್ಲಿಸಿದನು. ಸ್ಟ್ರಾಸ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ಆಗ ಪ್ರಾಧ್ಯಾಪಕನಾಗಿದ್ದ ಗೇಯೋರ್ಗ್ ದೇಹಿಯೊ ಎಂಬ ಕಲಾಚರಿತ್ರಕಾರನು, ಹಳೆಯದನ್ನು ಉಳಿಸುವುದೇ ಧರ್ಮ, ಹೊಸದಾಗಿ ಹಳೆಯದನ್ನು ಸೃಷ್ಟಿಸುವುದು ಧರ್ಮವಲ್ಲವೆಂಬ ಪಕ್ಷವನ್ನು ಹಿಡಿದಿದ್ದನು. ಒಂದೇ ಸೀಮೆಯಲ್ಲಿ, ಒಂದೇ ದಶಕದಲ್ಲಿ, ಒಂದೇ ರಾಷ್ಟ್ರದವರಲ್ಲಿ ಈ ಎರಡು ಪಕ್ಷಗಳೂ ಇದ್ದುವು ಎಂಬುದು ಗಮನಾರ್ಹ. ೧೯೧೮ರಲ್ಲಿ ಆಲ್ಸೇಸ್ ಮರಳಿ ಫ್ರಾನ್ಸಿಗೆ ಸೇರಿತು; ೧೯೪೦ರಲ್ಲಿ ಮತ್ತೆ ಜರ್ಮನಿಯ ಕೈಗೆ ಹೋಗಿ ೧೯೪೫ರಲ್ಲಿ ಬಿಡುಗಡೆಯಾಯಿತು. ಕೋಲ್ಮಾರಿನ 'ತಲೆಗಳ ಮನೆ' ಜರ್ಮನ್ ಆಡಳಿತದ ಕಾಲದಲ್ಲಿ, ೧೮೯೮ರಲ್ಲಿ, ರಕ್ಷಿತ ಸ್ಮಾರಕವಾಯಿತು. ಫಿಸ್ಟರ್ ಮನೆ ಫ್ರೆಂಚ್ ಆಡಳಿತದಲ್ಲಿ, ೧೯೨೭ರಲ್ಲಿ. ಎರಡೂ ಒಂದೇ ಪಟ್ಟಣದ ಮನೆಗಳು. ಎರಡನ್ನು ಎರಡು ರಾಷ್ಟ್ರಗಳು ತಮ್ಮವೆಂದು ಬರೆದುಕೊಂಡುವು. ಈ ನಡುವೆ ಕೋಲ್ಮಾರಿನ ಚಿತ್ರಕಾರ ಆನ್ಸಿಯು ಬರೆದ ಆಲ್ಸೇಸಿನ ಹಳ್ಳಿಯ ಚಿತ್ರಗಳು ಮನೆಮನೆಗೂ ಹರಡಿ, ಮರದ ಚೌಕಟ್ಟಿನ ಮನೆ ಎಂದರೆ ಫ್ರಾನ್ಸಿನ ಮೇಲಿನ ನಿಷ್ಠೆ ಎಂಬ ಭಾವನೆಯನ್ನು ಬೆಳೆಸಿದುವು. ರಿಕ್ವೀರಿನಲ್ಲಿ ಇಂದು ಅವನ ಹೆಸರಿನ ವಸ್ತುಸಂಗ್ರಹಾಲಯವೂ ಇದೆ.

ಮೂರನೆಯದು 'ಪುನರುಜ್ಜೀವನ'. ಫ್ರಾನ್ಸಿನಲ್ಲಿ ಮಿಶ್ಲೆ ೧೮೫೫ರಲ್ಲಿಯೂ, ರೈನ್ ನದಿಯ ಮೇಲ್ದಡದ ಬಾಸೆಲ್ ನಗರದ ಬುರ್ಕ್‌ಹಾರ್ಟ್ ೧೮೬೦ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿಂದ ಈ ಶಬ್ದವು ಒಂದು ಯುಗದ ಹೆಸರಾಗಿ ನೆಲೆಗೊಂಡಿತು. ಮಧ್ಯಯುಗದ ಭಯ ಕಳೆದು ಮಾನವನು ತನ್ನನ್ನು ತಾನು ಕಂಡುಕೊಂಡನೆಂಬ ಅರ್ಥವನ್ನು ಅದು ಹೊತ್ತಿದೆ. ಆದರೆ ಕೀನರ್ ಮನೆಯ ಮುಂಭಾಗದಲ್ಲಿ ಕಾಣುವುದೇನು? ಮನೆಯೊಡೆಯನನ್ನು ಹಿಡಿದೆಳೆಯುವ ಮೃತ್ಯು. ಈ ಕಲ್ಪನೆಯು ಮೇಲಣ ರೈನ್ ಸೀಮೆಯ ಹಳೆಯ ಸೊತ್ತು. ಬಾಸೆಲಿನ ಸ್ಮಶಾನದ ಗೋಡೆಯ ಮೇಲೆ ೧೪೪೦ರ ಸುಮಾರಿಗೆ ಬರೆದಿದ್ದ 'ಮೃತ್ಯುನರ್ತನ'ವು ೧೮೦೫ರಲ್ಲಿ ಕೆಡಹುವ ವರೆಗೂ ಪ್ರಸಿದ್ಧವಾಗಿತ್ತು. ಹೋಲ್ಬೈನನು ಅದೇ ನಗರದಲ್ಲಿ ಚಿತ್ರಿಸಿದ ಮೃತ್ಯುವಿನ ಮರದಚ್ಚಿನ ಚಿತ್ರಗಳು ೧೫೩೮ರಲ್ಲಿ ಲಿಯೋನಿನಲ್ಲಿ ಪ್ರಕಟವಾಗಿದ್ದುವು. ಹೊಸ ಮನೆಯನ್ನು ಕಟ್ಟಿ, ಅದರ ನೆತ್ತಿಯ ಮೇಲೆ ತನ್ನ ಸಾವನ್ನೇ ಕೆತ್ತಿಸಿದ ಬೆಳೆಗಾರನನ್ನು ಪುನರುಜ್ಜೀವನದ ಮಾನವನೆಂದು ಕರೆದು ಸುಮ್ಮನಾಗುವುದು ಸುಲಭ. ಅವನ ಮನಸ್ಸನ್ನು ತಿಳಿಯುವುದು ಕಷ್ಟ. ಸುರುಳಿ ಮೆಟ್ಟಿಲೂ ಮುಂಚಾಚಿದ ಅಂತಸ್ತುಗಳೂ ಮಧ್ಯಯುಗದಿಂದ ನಡೆದುಬಂದ ಕಟ್ಟಡದ ಕ್ರಮಗಳೇ ಆಗಿವೆ.

ಪುನರುಜ್ಜೀವನದ ಶೈಲಿ ಈ ಊರಿಗೆ ಬರಲೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ೧೬೧೦ರ ಡಿಸ್ಲರ್ ಮನೆಯಲ್ಲಿ ಸುರುಳಿಯಂಚಿನ ತ್ರಿಕೋನಭಿತ್ತಿಯೂ ಮೊಗಸಾಲೆಯೂ ಇದ್ದು, ರೈನ್ ಸೀಮೆಯ ಹೊಸ ರೀತಿಗೆ ಅದು ಉತ್ತಮ ಉದಾಹರಣೆಯಾಗಿದೆ. ಕೌಂಟ್ ಜಾರ್ಜನ ಮಗನಾದ ಫ್ರೆಡರಿಕನು ೧೫೯೩ರಲ್ಲಿ ವುರ್ಟೆಂಬರ್ಗಿನ ಡ್ಯೂಕನಾದನು; ಅವನು ತನ್ನ ವಾಸ್ತುತಜ್ಞ ಹೈನ್ರಿಖ್ ಶಿಕ್‌ಹಾರ್ಟನೊಡನೆ ೧೫೯೯ರಲ್ಲಿ ಇಟಲಿಯ ಯಾತ್ರೆಗೆ ಹೊರಟನು. ಇಟಲಿಯ ಮಾದರಿಗಳು ವುರ್ಟೆಂಬರ್ಗಿನ ಪ್ರದೇಶಗಳಿಗೆ ಇಂಥ ದಾರಿಗಳಿಂದ ಬಂದುವೆಂದು ತಿಳಿಯುವುದು ಯುಕ್ತ. ಆದರೆ ಶೈಲಿಯ ದಾರಿಯನ್ನು ತೋರಿಸಿದ ಮಾತ್ರಕ್ಕೆ ಮನೆಯ ಕಾರಣವನ್ನು ತೋರಿಸಿದಂತಾಗುವುದಿಲ್ಲ. ಹಣ ಎಲ್ಲಿಂದ ಬಂದಿತೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಇದಕ್ಕೆ ಉತ್ತರವನ್ನು ಮನೆಗಳ ವರ್ಷಗಳೇ ಸೂಚಿಸುತ್ತವೆ. ೧೫೩೫, ೧೫೪೦, ೧೫೭೪, ೧೬೧೦: ಇವೆಲ್ಲ ಆಲ್ಸೇಸಿನ ದ್ರಾಕ್ಷಾಮದ್ಯವು ರೈನ್ ನದಿಯ ಮೂಲಕ ಉತ್ತರದ ಪಟ್ಟಣಗಳಿಗೆ ಹೇರಳವಾಗಿ ಹೋಗುತ್ತಿದ್ದ ಕಾಲದ ವರ್ಷಗಳು. ೧೬೧೮ರಲ್ಲಿ ಮೂವತ್ತು ವರ್ಷಗಳ ಯುದ್ಧ ಆರಂಭವಾಯಿತು. ೧೬೩೫ರಲ್ಲಿ ರಿಕ್ವೀರ್ ಮುತ್ತಿಗೆಗೆ ಒಳಗಾಯಿತು. ದ್ರಾಕ್ಷಿ ಬೆಳೆಗಾರರ ಶ್ರೇಣಿಗೆ ಸೇರಿದ್ದ, ಇಂದು ಪ್ರೈಸ್-ಸಿಮರ್ ಎಂದು ಕರೆಯುವ ಮನೆಯ ವರ್ಷ ೧೬೮೬. ಡಿಸ್ಲರ್ ಮನೆಗೂ ಇದಕ್ಕೂ ನಡುವೆ ಎಪ್ಪತ್ತಾರು ವರ್ಷಗಳಿವೆ. ಕೆಲವೇ ಮನೆಗಳಿಂದ ಸಿದ್ಧಾಂತವನ್ನು ಕಟ್ಟಬಾರದೆಂಬುದು ನಿಜ. ಆದರೂ ಶೈಲಿಯ ಚರಿತ್ರೆಗಿಂತ ಮದ್ಯದ ಮಾರಾಟದ ಚರಿತ್ರೆಯೊಡನೆ ಈ ವರ್ಷಗಳು ಚೆನ್ನಾಗಿ ಹೊಂದುತ್ತವೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

೩

ಉಳಿದ ಶಬ್ದ 'ರಕ್ಷಿತ'. ಫ್ರಾನ್ಸಿನಲ್ಲಿ ಸ್ಮಾರಕರಕ್ಷಣೆಯ ಕಾರ್ಯ ಹಳೆಯದು. ೧೮೩೦ರಲ್ಲಿ ಐತಿಹಾಸಿಕ ಸ್ಮಾರಕಗಳ ಮಹಾಪರೀಕ್ಷಕನ ಹುದ್ದೆ ಏರ್ಪಟ್ಟಿತು. ೧೮೩೪ರಲ್ಲಿ ಕಥೆಗಾರ ಪ್ರೊಸ್ಪೇರ್ ಮೆರಿಮೇ ಅದನ್ನು ವಹಿಸಿಕೊಂಡನು. ೧೮೪೦ರಲ್ಲಿ ಮೊದಲ ಪಟ್ಟಿ ಹೊರಟಿತು. ಇಂದಿನ ವ್ಯವಸ್ಥೆಗೆ ತಳಹದಿಯಾದುದು ೧೯೧೩ರ ಡಿಸೆಂಬರ್ ೩೧ರ ಕಾಯಿದೆ. ೨೦೦೪ರಲ್ಲಿ ಅದನ್ನು ಪರಂಪರೆಯ ಸಂಹಿತೆಯಲ್ಲಿ ಅಡಕಮಾಡಿದರು. ಇದರ ಪ್ರಕಾರ ರಕ್ಷಣೆಯಲ್ಲಿ ಎರಡು ದರ್ಜೆಗಳುಂಟು: ಮೇಲಿನದು ವರ್ಗೀಕರಣ, ಕೆಳಗಿನದು ದಾಖಲೆ. ಕಟ್ಟಡವನ್ನು ಪೂರ್ತಿಯಾಗಿಯೂ ರಕ್ಷಿಸಬಹುದು, ಭಾಗಶಃವೂ ರಕ್ಷಿಸಬಹುದು. ಈ 'ಭಾಗಶಃ' ಎಂಬ ಅವಕಾಶದಲ್ಲಿಯೇ ನಮ್ಮ ವಿಮರ್ಶೆಯ ತಿರುಳಿದೆ. ಖಾಸಗಿ ಮನೆಗಳ ವಿಷಯದಲ್ಲಿ ದೇಶದಾದ್ಯಂತ ಬಹಳ ಸಲ ರಕ್ಷಣೆಗೆ ಒಳಪಟ್ಟಿರುವುದು 'ಮುಖಭಿತ್ತಿಗಳು ಮತ್ತು ಚಾವಣಿಗಳು' ಮಾತ್ರ.

೧೯೪೩ರ ಫೆಬ್ರವರಿಯಲ್ಲಿ ಬಂದ ಕಾಯಿದೆಯು ಪ್ರತಿಯೊಂದು ಸ್ಮಾರಕದ ಸುತ್ತ ೫೦೦ ಮೀಟರುಗಳ ವಲಯವನ್ನು ಗೊತ್ತುಮಾಡಿ, ಆ ವಲಯದಲ್ಲಿ ಸ್ಮಾರಕದೊಡನೆ ಕಣ್ಣಿಗೆ ಬೀಳುವ ಕಟ್ಟಡಗಳ ಹೊರರೂಪವನ್ನೂ ನಿಯಂತ್ರಿಸಿತು. ರಿಕ್ವೀರಿನ ಕೋಟೆಯೊಳಗಿನ ಮುಖ್ಯ ಬೀದಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ೫೦೦ ಮೀಟರು ಸಹ ಇಲ್ಲ. ಊರಿನಲ್ಲಿ ಅನೇಕ ಕಟ್ಟಡಗಳು ಪಟ್ಟಿಗೆ ಸೇರಿರುವುದರಿಂದ, ಬೀದಿಗೆ ಮುಖ ತೋರುವ ಯಾವ ಮನೆಯೂ ಈ ಕಣ್ಗಾವಲಿನಿಂದ ಹೊರಗುಳಿದಿಲ್ಲವೆಂದು ಹೇಳಬಹುದು. ಇಲ್ಲಿಯೂ ಅಳತೆಗೋಲು ಕಣ್ಣೇ. ಬೀದಿಯಿಂದ ಕಾಣುವುದು ಕಾಯಿದೆಗೂ ಕಾಣುತ್ತದೆ, ನೆಲಮಾಳಿಗೆ ಕಾಣುವುದಿಲ್ಲ.

೧೯೬೨ ಈ ವಿಷಯದಲ್ಲಿ ವಿಶೇಷವಾದ ವರ್ಷ. ಆ ವರ್ಷದ ಆಗಸ್ಟಿನಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋನ ಹೆಸರಿನಿಂದ ಪ್ರಸಿದ್ಧವಾದ ಕಾಯಿದೆ ಬಂದು, ಹಳೆಯ ಪಟ್ಟಣಗಳ ಪೂರ್ಣ ಭಾಗಗಳನ್ನೇ ರಕ್ಷಿಸಲು ಅವಕಾಶ ಕಲ್ಪಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಲ್ಸೇಸಿನ ದ್ರಾಕ್ಷಾಮದ್ಯಕ್ಕೆ 'ನಿಯಂತ್ರಿತ ಮೂಲನಾಮ'ದ ಮನ್ನಣೆ ದೊರೆಯಿತು. ಯಾವ ನೆಲದಲ್ಲಿ, ಯಾವ ಜಾತಿಯ ದ್ರಾಕ್ಷಿಯಿಂದ ಮಾಡಿದ ಮದ್ಯವು ಆ ಹೆಸರನ್ನು ಹೊರಬಹುದೆಂಬುದನ್ನು ಅದು ಗೊತ್ತುಮಾಡಿತು. ೧೯೭೨ರ ಕಾಯಿದೆಯಂತೆ ಆ ಮದ್ಯವನ್ನು ಆಲ್ಸೇಸಿನಲ್ಲಿಯೇ ಸೀಸೆಗೆ ತುಂಬಬೇಕಾಯಿತು. ರಿಕ್ವೀರಿನ ಶೋನೆನ್‌ಬೂರ್ ಮತ್ತು ಸ್ಪೋರೆನ್ ಎಂಬ ತೋಟಗಳು ಇಂದು ಸೀಮೆಯ ಅತ್ಯುತ್ತಮ ತೋಟಗಳ ಪಟ್ಟಿಯಲ್ಲಿವೆ. ಹೀಗೆ ಮದ್ಯವನ್ನು ಕೃಷಿಯ ಇಲಾಖೆ ರಕ್ಷಿಸಿತು, ಮನೆಯನ್ನು ಸಂಸ್ಕೃತಿಯ ಇಲಾಖೆ ರಕ್ಷಿಸಿತು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ರಕ್ಷಣೆಗಳು ಪರಸ್ಪರ ಮುಖ ನೋಡಲಿಲ್ಲ. ಮೊದಲನೆಯದಕ್ಕೆ ಬೇಕಾದುದು ತೋಟದ ಎಲ್ಲೆ. ಎರಡನೆಯದಕ್ಕೆ ಬೇಕಾದುದು ಮನೆಯ ಮುಖ. ತೋಟದಿಂದ ಬಂದ ಹಣ್ಣು ಮದ್ಯವಾಗುತ್ತಿದ್ದ ಜಾಗ, ಎಂದರೆ ಅಂಗಳ, ಗಾಣ, ನೆಲಮಾಳಿಗೆ, ಎರಡರ ನಡುವೆ ಬಿದ್ದುಹೋಯಿತು.

೪

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಇಲ್ಲಿ ಪರಿಶೀಲಿಸುವುದು ಉಚಿತ. ಮನೆಯ ಒಳಭಾಗ ಒಡೆಯನ ಖಾಸಗಿ ಜೀವನಕ್ಕೆ ಸೇರಿದ್ದು, ಅದನ್ನೂ ಸರ್ಕಾರ ಹಿಡಿದರೆ ಮನೆಯಲ್ಲಿ ಯಾರೂ ವಾಸಿಸಲಾರರು, ವಾಸವಿಲ್ಲದ ಮನೆ ಬೇಗನೆ ಪಾಳಾಗುವುದು ಎಂಬುದು ಮೊದಲನೆಯ ಆಕ್ಷೇಪ. ಇದು ತೂಕವುಳ್ಳ ಮಾತು. ಇಂದಿನ ಯಂತ್ರಗಳೂ ವಾಹನಗಳೂ ೧೫೭೪ರ ಬಾಗಿಲಿಗೆ ಒಗ್ಗುವುದಿಲ್ಲ. ಬೆಳೆಗಾರನನ್ನು ಹಳೆಯ ಗಾಣಕ್ಕೆ ಕಟ್ಟಿಹಾಕುವ ಹಕ್ಕು ಯಾರಿಗೂ ಇಲ್ಲ. ಪ್ರವಾಸಿಗಳು ಬರುವುದರಿಂದಲೇ ಮನೆಗಳ ದುರಸ್ತಿಗೆ ಹಣ ಒದಗುತ್ತದೆಂಬುದು ಎರಡನೆಯ ಆಕ್ಷೇಪ. ಇದೂ ನಿಜವೇ. ರಕ್ಷಣೆಯ ಕಾಯಿದೆಗಳಿಲ್ಲದಿದ್ದರೆ ಇಂದು ನಾವು ಚರ್ಚಿಸಲು ಮುಖಭಿತ್ತಿಯೂ ಇರುತ್ತಿರಲಿಲ್ಲ ಎಂಬುದನ್ನು ನಾವು ಕೃತಜ್ಞತೆಯಿಂದ ಒಪ್ಪುತ್ತೇವೆ.

ಆದರೆ ನಾವು ಕೇಳುತ್ತಿರುವುದು ಒಳಭಾಗಕ್ಕೆ ಬೀಗ ಹಾಕಬೇಕೆಂದಲ್ಲ. ಅದನ್ನು ಮೊದಲು ದಾಖಲೆಮಾಡಬೇಕೆಂದು. ರಕ್ಷಣೆಗೂ ದಾಖಲೆಗೂ ಇರುವ ಭೇದವನ್ನು ಫ್ರಾನ್ಸಿನವರೇ ೧೯೬೪ರಲ್ಲಿ ಕಂಡುಕೊಂಡರು. ಆ ವರ್ಷ ಮಾಲ್ರೋ ಮತ್ತು ಕಲಾಚರಿತ್ರಕಾರ ಆಂದ್ರೆ ಶಾಸ್ಟೆಲ್ ಇವರ ಪ್ರಯತ್ನದಿಂದ ಹುಟ್ಟಿದ ಸಾಮಾನ್ಯ ಗಣತಿಯ ಸಂಸ್ಥೆಯು ಯಾವ ನಿರ್ಬಂಧವನ್ನೂ ವಿಧಿಸದೆ, ದೇಶದ ಕಟ್ಟಡಗಳನ್ನೂ ವಸ್ತುಗಳನ್ನೂ ಅಳೆದು, ಚಿತ್ರಿಸಿ, ವರ್ಣಿಸುವ ಕಾರ್ಯವನ್ನು ಕೈಕೊಂಡಿತು. ಇಂಥ ವರ್ಣನೆಯು ಯಾವ ಕ್ರಮದಲ್ಲಿ ನಡೆಯಬೇಕೆಂಬುದೇ ನಮ್ಮ ಪ್ರಶ್ನೆ.

ಹೊರಮುಖವನ್ನು ಮಾತ್ರ ನಂಬಿದರೆ ಮುಖದ ವಿಷಯದಲ್ಲಿಯೂ ಮೋಸಹೋಗುವ ಸಂಭವವಿದೆ. ಬಾಗಿಲಿನ ಮೇಲೆ ಕೊರೆದ ವರ್ಷವು ಮನೆಯ ವರ್ಷವೇ ಆಗಿರಬೇಕೆಂಬ ನಿಯಮವಿಲ್ಲ. ಅದು ದುರಸ್ತಿಯ ವರ್ಷವಾಗಿರಬಹುದು, ಮನೆಯೊಡೆಯನ ವಿವಾಹದ ವರ್ಷವಾಗಿರಬಹುದು, ಬೇರೆ ಕಟ್ಟಡದಿಂದ ತಂದು ಕೂಡಿಸಿದ ಕಲ್ಲೂ ಆಗಿರಬಹುದು. ತೊಲೆಯ ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಮರ ಕಡಿದ ವರ್ಷವನ್ನು ಗೊತ್ತುಮಾಡುವ ವಿಧಾನ ಇಂದು ಚೆನ್ನಾಗಿ ಬೆಳೆದಿದೆ. ಅದಕ್ಕೆ ಬೇಕಾದ ತೊಲೆಗಳು 'ರಕ್ಷಿತ'ವಲ್ಲದ ಅಟ್ಟದಲ್ಲಿ, ಮಾಳಿಗೆಯಲ್ಲಿ, ಕೊಟ್ಟಿಗೆಯಲ್ಲಿ ಇರುತ್ತವೆ. ಇನ್ನು ಇಂದು ಪ್ರವಾಸಿಗಳು ಮೆಚ್ಚುವ, ಹೊರಗೆ ಕಾಣುವ ಮರದ ಚೌಕಟ್ಟಿನ ವಿಚಾರ. ಆಲ್ಸೇಸಿನ ಅನೇಕ ಊರುಗಳಲ್ಲಿ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಒಡೆಯರು, ಬೆಂಕಿಯ ಭಯದಿಂದಲೂ ಕಲ್ಲಿನ ಮನೆಯಂತೆ ತೋರಲೆಂಬ ಆಸೆಯಿಂದಲೂ, ಆ ಮರದ ಮೇಲೆ ಗಾರೆ ಬಳಿಸಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಆ ಗಾರೆಯನ್ನು ಕೆರೆದು ತೆಗೆದರು. ಹೀಗೆ ಕೆರೆದ ಮನೆ ಹದಿನಾರನೆಯ ಶತಮಾನದ್ದೂ ಅಹುದು, ಇಪ್ಪತ್ತನೆಯದೂ ಅಹುದು. ನಡುವಿನ ಎರಡು ಶತಮಾನಗಳ ಮನುಷ್ಯರು ಏನನ್ನು ಬಯಸಿದರೆಂಬ ಸಾಕ್ಷ್ಯ ಗಾರೆಯೊಡನೆ ಉದುರಿಹೋಯಿತು. ಕಟ್ಟಡವನ್ನು ಯಾವ ಕಾಲದಲ್ಲಿಯೂ ಇದ್ದಿರದ ಪೂರ್ಣತೆಗೆ ತರುವುದೇ ಪುನಸ್ಸಂಸ್ಕಾರವೆಂಬ ವಿಯೊಲೆ-ಲ-ದ್ಯುಕನ ಮತವನ್ನು ಇಂದು ಬಹಿರಂಗವಾಗಿ ಸಮರ್ಥಿಸುವವರು ಇಲ್ಲ. ಆದರೆ ಮುಖಭಿತ್ತಿಯ ಪೂಜೆಯಲ್ಲಿ ಅದು ಸದ್ದಿಲ್ಲದೆ ಮುಂದುವರಿದಿದೆಯೆಂದು ನಮಗೆ ತೋರುತ್ತದೆ.

ಲೀಬ್ರಿಖ್ ಮನೆಯ ೧೮೧೭ರ ಗಾಣವನ್ನು ಇಲ್ಲಿ ಮತ್ತೆ ನೆನೆಯಬಹುದು. ಅದು ಪುನರುಜ್ಜೀವನಕಾಲದ್ದಲ್ಲವಾದುದರಿಂದ ಶೈಲಿಯ ದೃಷ್ಟಿಯಲ್ಲಿ ಬೆಲೆಯಿಲ್ಲದ ವಸ್ತು. ಆದರೂ ಆ ಅಂಗಳ ಅಷ್ಟು ಅಗಲವಾಗಿ ಏಕಿದೆ, ಗಾಡಿ ಎಲ್ಲಿ ನಿಲ್ಲುತ್ತಿತ್ತು, ರಸ ಯಾವ ಕಡೆಗೆ ಹರಿದು ಎಲ್ಲಿ ಇಳಿಯುತ್ತಿತ್ತು ಎಂಬುದನ್ನು ಯೋಚಿಸಲು ನೋಡುಗನಿಗೆ ದಾರಿ ತೋರುವುದು ಅದೇ. ಮನೆಯನ್ನು ಅರ್ಥಮಾಡಿಸುವ ವಸ್ತುವನ್ನು ಅಲಂಕಾರವೆಂದು ಮೂಲೆಯಲ್ಲಿ ನಿಲ್ಲಿಸಿ, ಅಲಂಕಾರವನ್ನು ಮನೆಯ ಅರ್ಥವೆಂದು ಪಟ್ಟಿಯಲ್ಲಿ ಬರೆದಿದ್ದೇವೆ.

ಆದುದರಿಂದ ನಮ್ಮ ಸೂಚನೆ ಇಷ್ಟೆ. ದ್ರಾಕ್ಷಿ ಬೆಳೆಯುವ ಊರಿನ ರಕ್ಷಿತ ಗೃಹದ ವರ್ಣನೆ ನೆಲಮಾಳಿಗೆಯಿಂದ ಆರಂಭವಾಗಲಿ: ಅದರ ಉದ್ದಗಲ, ಕಮಾನು, ಎಷ್ಟು ಪೀಪಾಯಿ ಹಿಡಿಯುತ್ತಿತ್ತು, ಪೀಪಾಯಿ ಇಳಿಸುವ ದಾರಿ ಯಾವುದು. ಅನಂತರ ಅಂಗಳ, ಬಾವಿ, ಗಾಣ, ಗಾಡಿಯ ಬಾಗಿಲು. ಅನಂತರ ವಾಸದ ಅಂತಸ್ತು. ಕೊನೆಯಲ್ಲಿ ಮುಖಭಿತ್ತಿ ಮತ್ತು ಅದರ ಶಿಲ್ಪ. ಪ್ರತಿಯೊಂದು ಭಾಗಕ್ಕೂ ಅದರದೇ ಆದ ಕಾಲವನ್ನು ಬೇರೆಬೇರೆಯಾಗಿ ನಮೂದಿಸಲಿ. ಊರು ಆ ಕಾಲದಲ್ಲಿ ಯಾರ ಆಳ್ವಿಕೆಯಲ್ಲಿತ್ತು, ಅದರ ಪದವಿ ಏನಾಗಿತ್ತು ಎಂಬುದನ್ನು ಇಂದಿನ ರಾಷ್ಟ್ರದ ಹೆಸರಿನೊಡನೆ ಬೆರೆಸದೆ ತಿಳಿಸಲಿ. ಹೀಗೆ ಬರೆದ ದಾಖಲೆಯ ಆಧಾರದ ಮೇಲೆ ಯಾವ ಭಾಗವನ್ನು ಕಾಯಿದೆಯಿಂದ ಹಿಡಿಯಬೇಕು, ಯಾವುದನ್ನು ಒಡೆಯನಿಗೆ ಬಿಡಬೇಕೆಂಬುದನ್ನು ನಿರ್ಧರಿಸಬಹುದು. ಬಿಟ್ಟ ಭಾಗ ಮುಂದೆ ನಾಶವಾದರೂ ಅದರ ಚರಿತ್ರೆ ನಾಶವಾಗುವುದಿಲ್ಲ.

ಕೀನರ್ ಮನೆಯ ಶಿಲ್ಪದಲ್ಲಿ ಮೃತ್ಯು ಹಿಡಿದಿರುವುದು ಮನೆಯೊಡೆಯನನ್ನು. ಅವನ ತೋಟ, ಗಾಡಿ, ಬಾವಿ ಇವುಗಳಲ್ಲಿ ಹಲವಕ್ಕೆ ಮೃತ್ಯುವಿನಿಂದ ತೊಂದರೆಯಾಗಲಿಲ್ಲ. ಮಕ್ಕಳೂ ಮೊಮ್ಮಕ್ಕಳೂ ಶತಮಾನಗಳ ಕಾಲ ಅವುಗಳನ್ನು ಬಳಸಿ ಬಾಳಿದರು. ಆ ಕಸುಬಿನ ಗುರುತುಗಳನ್ನು ಓದಿ ಬರೆದಿಡುವ ಕೆಲಸ ಇನ್ನೂ ಮುಗಿದಿಲ್ಲ. ಚರಿತ್ರೆಯ ವಿದ್ಯಾರ್ಥಿಗಳು ಅದನ್ನು ಕೈಕೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.